ಹೊಡಿಬ್ಯಾಡ ಅಂದ ಮೇಲೆ ಏನು ಹೇಳಬೇಕು?

ಗಂಗಾವತಿ ಸೀಮೆಯಲ್ಲಿ ಭತ್ತದ ನಾಟಿ ಶುರುವಾದ ದಿನಗಳಲ್ಲಿ ಅವ್ವಂದಿರು ಹೊತ್ತು ಏರುವ ಮೊದಲೇ ಗದ್ದೆಗೆ ಹೊರಡುತ್ತಾರೆ. ಮಕ್ಕಳು ಅರೆನಿದ್ದೆಯಲ್ಲಿ ಎದ್ದು, ಅಜ್ಜಿಯ ಕೈ ಹಿಡಿದು ಅಂಗನವಾಡಿಗೆ ಬರುತ್ತವೆ. ಅಂಗಳದಲ್ಲಿರುವುದು ಒಂದೇ ಮೂರು ಗಾಲಿಯ ಸೈಕಲ್ಲು. ನಾಲ್ಕು ವರ್ಷದ ಹುಡುಗ ಅದರ ಮೇಲೆ ಕೂತಿದ್ದಾನೆ. ಮೂರು ವರ್ಷದ ಇನ್ನೊಬ್ಬ ಬಂದು ಹ್ಯಾಂಡಲ್ ಹಿಡಿದು ಜಗ್ಗುತ್ತಾನೆ. ಕೂತವನು ಎರಡು ಸಲ ‘ಬಿಡು’ ಅನ್ನುತ್ತಾನೆ, ಮೂರನೆಯ ಸಲ ಬೆನ್ನಿಗೆ ಗುದ್ದುತ್ತಾನೆ. ಅಳು ಶುರು. ಒಳಗಿನಿಂದ ದೊಡ್ಡವರ ದನಿ: “ಏ, ಹೊಡಿಬ್ಯಾಡ! ಸಾರಿ ಅನ್ನು. ಅಂವ ಸಣ್ಣಂವ ಅದಾನ, ಕೊಡು ಅವಂಗ.” ಹುಡುಗ ಗೋಡೆಯ ಕಡೆ ನೋಡುತ್ತ ‘ಸಾರಿ’ ಅಂದು ಇಳಿಯುತ್ತಾನೆ. ಐದು ನಿಮಿಷ ಕಳೆಯುವುದರೊಳಗೆ ಅದೇ ಸೈಕಲ್ಲು, ಅದೇ ಗುದ್ದು.

ಆ ದೊಡ್ಡವರು ಹೇಳಿದ್ದು ಮೂರು ಮಾತು. ಮೂರೂ ಒಳ್ಳೆಯ ಮನಸ್ಸಿನಿಂದ ಬಂದವೇ. ಆದರೆ ಮಕ್ಕಳು ಅವುಗಳಿಂದ ಕಲಿತದ್ದೇನು? ‘ಹೊಡಿಬ್ಯಾಡ’ ಅನ್ನುವುದು ಏನು ಮಾಡಬಾರದು ಎಂದು ಹೇಳಿತು. ಯಾರೋ ಬಂದು ಕೈಯಲ್ಲಿದ್ದದ್ದನ್ನು ಜಗ್ಗಿದಾಗ ಏನು ಮಾಡಬೇಕು ಎಂದು ಹೇಳಲಿಲ್ಲ. ‘ಕೊಡು ಅವಂಗ’ ಅನ್ನುವುದು ಸಣ್ಣವನಿಗೆ ಒಂದು ಪಾಠವಾಯಿತು: ಜಗ್ಗಿ ಅತ್ತರೆ ಸೈಕಲ್ಲು ಸಿಗುತ್ತದೆ. ‘ಸಾರಿ’ ಇಬ್ಬರಿಗೂ ಕಲಿಸಿದ್ದು, ಆ ಒಂದು ಮಾತು ಅಂದುಬಿಟ್ಟರೆ ಪಾರು ಎಂದು. ಹುಡುಗ ಮೊದಲು ಎರಡು ಸಲ ‘ಬಿಡು’ ಅಂದಿದ್ದನಲ್ಲ, ಅಷ್ಟು ಹೊತ್ತು ತಡೆದುಕೊಂಡದ್ದನ್ನು ಯಾರೂ ನೋಡಲೇ ಇಲ್ಲ.

ಮಗು ಹೊಡೆಯುವುದು, ಕಸಿದುಕೊಳ್ಳುವುದು, ನೂಕುವುದು ಕೆಟ್ಟತನವಲ್ಲ, ಇನ್ನೂ ಕಲಿಯದ ವಿದ್ಯೆ. ಮಾತು ಕಲಿಯುವಾಗ ‘ತಪ್ಪಾಗಿ ಮಾತಾಡಬ್ಯಾಡ’ ಎಂದು ನಾವು ಗದರಿಸುವುದಿಲ್ಲ; ಸರಿಯಾದ ಪದವನ್ನು ನಾವೇ ಆಡಿ ತೋರಿಸುತ್ತೇವೆ, ನೂರು ಸಲ. ಕೂಡಿ ಆಡುವುದಕ್ಕೂ, ಪಾಳಿ ಕಾಯುವುದಕ್ಕೂ, ಸಿಟ್ಟನ್ನು ಬಾಯಲ್ಲಿ ಹೇಳುವುದಕ್ಕೂ ಅದೇ ನೂರು ಸಲ ಬೇಕು.

ಯಾವ ವಯಸ್ಸಿಗೆ ಎಷ್ಟು

ಮಕ್ಕಳ ಆಟದ ಹಂತಗಳನ್ನು ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ವಿಂಗಡಿಸಿ ತೋರಿಸಿದರು. ಎರಡು ವರ್ಷದ ಆಸುಪಾಸಿನ ಮಕ್ಕಳು ಹೆಚ್ಚಾಗಿ ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಆಟ ಆಡುತ್ತವೆ. ಒಂದು ಮಗು ಮಣ್ಣು ತುಂಬುತ್ತದೆ, ಪಕ್ಕದ್ದೂ ತುಂಬುತ್ತದೆ, ಆದರೆ ಇಬ್ಬರದೂ ಒಂದೇ ಆಟವಲ್ಲ. ಮೂರರ ಸುತ್ತ ಸಾಮಾನು ಕೊಟ್ಟು ತೆಗೆದುಕೊಳ್ಳುವುದು ಶುರುವಾಗುತ್ತದೆ. ‘ನೀ ಅವ್ವ ಆಗು, ನಾ ಬಸ್ಸಿನ ಕಂಡಕ್ಟರ್ ಆಗ್ತೀನಿ’ ಎಂದು ಪಾತ್ರ ಹಂಚಿಕೊಂಡು ಆಡುವುದು ನಾಲ್ಕು, ಐದರಲ್ಲಿ ಬಲಿಯುತ್ತದೆ. ಹಾಗಾಗಿ ಎರಡು ವರ್ಷದ ಮಗುವಿಗೆ ‘ಹಂಚಿಕೊಂಡು ಆಡು’ ಅನ್ನುವುದು ಅದಕ್ಕಿನ್ನೂ ಎಟುಕದ ಕೊಂಬೆ ತೋರಿಸಿದ ಹಾಗೆ. ಆ ವಯಸ್ಸಿಗೆ ಮದ್ದು ಉಪದೇಶವಲ್ಲ, ಇನ್ನೊಂದು ಬಕೇಟು.

ಎರಡನೆಯ ಸಂಗತಿ, ಬೇರೆಯವರ ಮನಸ್ಸಿನಲ್ಲಿ ಬೇರೆಯೇ ಯೋಚನೆ ಇರುತ್ತದೆ ಎಂಬ ಅರಿವು. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬ ಇಬ್ಬರು ಇದನ್ನು ಒಂದು ಸಣ್ಣ ಕಥೆಯಿಂದ ಪರೀಕ್ಷಿಸಿದರು. ಅದರ ಸಾರವನ್ನು ನಮ್ಮ ಮನೆಗೆ ಒಗ್ಗಿಸಿ ಹೀಗೆ ಹೇಳಬಹುದು: ಅಣ್ಣ ಶೇಂಗಾ ಚಿಕ್ಕಿಯನ್ನು ಕೆಂಪು ಡಬ್ಬಿಯಲ್ಲಿಟ್ಟು ಹೊರಗೆ ಹೋದ. ಅವ್ವ ಅದನ್ನು ನೀಲಿ ಡಬ್ಬಿಗೆ ಹಾಕಿದಳು. ಅಣ್ಣ ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಸಾಮಾನ್ಯವಾಗಿ ‘ನೀಲಿ ಡಬ್ಬಿ’ ಅನ್ನುತ್ತದೆ, ಯಾಕೆಂದರೆ ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂದೇ ಅದು ತಿಳಿದಿರುತ್ತದೆ. ನಾಲ್ಕು ದಾಟಿದ ಮೇಲೆ ‘ಕೆಂಪು’ ಎಂಬ ಉತ್ತರ ಬರತೊಡಗುತ್ತದೆ. ಮೂರು ವರ್ಷದವನಿಗೆ ‘ಅವಂಗ ಹೆಂಗ ಅನ್ನಿಸಿರಬಾರದು ಹೇಳು?’ ಎಂದು ಕೇಳಿದಾಗ ಅದು ಮಿಕಮಿಕ ನೋಡುವುದು ಮೊಂಡುತನದಿಂದಲ್ಲ. ಅದಕ್ಕೆ ನಾವೇ ತೋರಿಸಬೇಕು: “ನೋಡು, ಅವನ ಕಣ್ಣಾಗ ನೀರು ಬಂದಾವ. ಬೆನ್ನು ನೋಯಾಕ ಹತ್ತೈತಿ ಅವಂಗ.”

ಮೂರನೆಯದು, ಗೊತ್ತಿರುವುದೂ ತಡೆದುಕೊಳ್ಳುವುದೂ ಬೇರೆ ಬೇರೆ. ‘ಹೊಡೆಯಬಾರದು ಅಂತ ಗೊತ್ತೈತಿ, ಆದ್ರೂ ಬೇಕಂತ ಹೊಡೀತಾನ್ರಿ’ ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ಕೈ ಎತ್ತುವ ಹೊತ್ತಿಗೆ ಅದನ್ನು ತಡೆಯುವ ಕೆಲಸ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಂತರ. ಮೂರು ವರ್ಷದವನಿಗೆ ಆ ತಡೆ ಹೊರಗಿನಿಂದ ಬರಬೇಕು, ಅಂದರೆ ಹತ್ತಿರದಲ್ಲಿ ನಿಂತ ದೊಡ್ಡವರ ಕೈಯಿಂದ, ದನಿಯಿಂದ.

ಜಗಳಕ್ಕಿಂತ ಮುಂಚಿನ ಕೆಲಸ

ಹೆಚ್ಚಿನ ಜಗಳಗಳು ಮಕ್ಕಳ ಗುಣದಿಂದಲ್ಲ, ಜಾಗದಿಂದ ಮತ್ತು ವೇಳೆಯಿಂದ ಹುಟ್ಟುತ್ತವೆ. ಮಧ್ಯಾಹ್ನದ ಊಟಕ್ಕೆ ಮುಂಚಿನ ಅರ್ಧ ಗಂಟೆ ನೋಡಿ. ಹೊಟ್ಟೆ ಹಸಿದಿರುತ್ತದೆ, ರಾಯಚೂರಿನ ಬಿಸಿಲು ತಲೆಗೆ ಏರಿರುತ್ತದೆ, ಇಪ್ಪತ್ತು ಮಕ್ಕಳನ್ನು ಕೈ ತೊಳೆಯಲು ಒಂದೇ ಸಾಲಿನಲ್ಲಿ ನಿಲ್ಲಿಸಿರುತ್ತಾರೆ. ಹಿಂದಿನವನಿಗೆ ಮಾಡಲು ಬೇರೇನೂ ಇಲ್ಲ, ಮುಂದಿನವನ ಚೊಣ್ಣ ಜಗ್ಗುತ್ತಾನೆ. ಇದಕ್ಕೆ ಬೈಗುಳ ಬೇಡ, ಸಾಲು ಒಡೆದರೆ ಸಾಕು. ಐದೈದು ಮಕ್ಕಳನ್ನು ಕಳಿಸಿ. ಉಳಿದವರಿಗೆ ಕೂತಲ್ಲೇ ಮಾಡುವ ಕೈಚಪ್ಪಾಳೆಯ ಹಾಡು ಕೊಡಿ. ಮೂರು ವರ್ಷದ ಮಗು ಸುಮ್ಮನೆ ನಿಂತು ಕಾಯುವುದು ಒಂದೆರಡು ನಿಮಿಷ, ಅದಕ್ಕಿಂತ ಹೆಚ್ಚಿಗೆ ನಿರೀಕ್ಷಿಸಬೇಡಿ. ಎಲ್ಲರನ್ನೂ ಗುಂಡಗೆ ಕೂರಿಸಿ ಕಥೆ ಹೇಳುವುದೂ ಅಷ್ಟೇ, ಹತ್ತರಿಂದ ಹದಿನೈದು ನಿಮಿಷಕ್ಕೆ ಮುಗಿಸಿ ಎಬ್ಬಿಸಿಬಿಡಬೇಕು. ಇಪ್ಪತ್ತೈದು ನಿಮಿಷ ಎಳೆದರೆ ಕೊನೆಯ ಹತ್ತು ನಿಮಿಷ ‘ಸುಮ್ಮಕ ಕುಂಡ್ರು’ ಅನ್ನುವುದರಲ್ಲೇ ಕಳೆಯುತ್ತದೆ.

ನಿದ್ದೆಯ ಲೆಕ್ಕವನ್ನು ಮನೆಯವರು ಮರೆಯುತ್ತಾರೆ. ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಹಗಲಿನ ನಿದ್ದೆಯೂ ಸೇರಿ. ಅದೇ ಸೂಚನೆಯಲ್ಲಿ ಈ ವಯಸ್ಸಿಗೆ ಮೊಬೈಲು, ಟಿವಿ ಎಲ್ಲ ಕೂಡಿ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ರಾತ್ರಿ ಹನ್ನೊಂದರ ತನಕ ಮೊಬೈಲ್ ನೋಡಿ ಬೆಳಗ್ಗೆ ಆರಕ್ಕೆ ಎದ್ದ ಮಗು ಹತ್ತು ಗಂಟೆಗೆ ಗುದ್ದಿದರೆ, ಮೊದಲು ಕೇಳಬೇಕಾದ್ದು ‘ಯಾಕ ಹೊಡದಿ’ ಎಂದಲ್ಲ, ರಾತ್ರಿ ಎಷ್ಟಕ್ಕೆ ಮಲಗಿತ್ತು ಎಂದು.

ಇನ್ನು ಆಟದ ಸಾಮಾನು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಹಗುರ ಕಟ್ಟಿಗೆಯಿಂದ ಮಾಡುವ ಬಣ್ಣದ ಗೊಂಬೆಗಳ ಚಂದವನ್ನು ನಾವೆಲ್ಲ ಮೆಚ್ಚುತ್ತೇವೆ. ಆದರೆ ಹದಿನೈದು ಮಕ್ಕಳ ನಡುವೆ ಒಂದೇ ಒಂದು ಚಂದದ ಗೊಂಬೆ ಇಟ್ಟರೆ ಅದು ಜಗಳಕ್ಕೆ ಕೊಟ್ಟ ಕರೆ. ಅಂಥದ್ದನ್ನು ಕಥೆ ಹೇಳುವಾಗ ದೊಡ್ಡವರೇ ಹಿಡಿದು ತೋರಿಸಬೇಕು. ಬಿಟ್ಟು ಆಡುವ ಹೊತ್ತಿಗೆ ಬೇಕಾದ್ದು ಒಂದೇ ಥರದವು ಹಲವು: ಎಂಟು ತೆಂಗಿನ ಚಿಪ್ಪು, ಆರು ಪ್ಲಾಸ್ಟಿಕ್ ತಂಬಿಗೆ, ಖಾಲಿ ರಟ್ಟಿನ ಡಬ್ಬಿಗಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಉಳಿಯುವ ತುಂಡು ಬಟ್ಟೆಗಳನ್ನು ಒತ್ತಿ ತುಂಬಿ ಹೊಲಿದರೆ ಗಟ್ಟಿಮುಟ್ಟಾದ ಚೆಂಡಾಗುತ್ತದೆ. ಬಡಿದರೆ ನೋವಾಗದು, ಹತ್ತು ಮಾಡಿಟ್ಟರೂ ಖರ್ಚಿಲ್ಲ. ಒಂದು ಎಚ್ಚರಿಕೆ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮೂರು ಸೆಂಟಿಮೀಟರಿಗಿಂತ ಸಣ್ಣ ಸಾಮಾನು ಬೇಡ. ಎಣಿಕೆಗೆಂದು ಕೊಡುವ ಹುಣಸೆಬೀಜ ಮೂಗಿಗೂ ಗಂಟಲಿಗೂ ಹೋಗುತ್ತದೆ.

ಸಾಮಾನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಕಟ್ಟಡ ಕಟ್ಟುವ ಆಟವನ್ನು ಬಾಗಿಲ ಎದುರಿಗೆ ಇಟ್ಟರೆ ಹಾದುಹೋಗುವವರ ಕಾಲು ತಾಗಿ ಗೋಪುರ ಬೀಳುತ್ತದೆ, ಬಿದ್ದದ್ದಕ್ಕೆ ಹೊಡೆದಾಟವಾಗುತ್ತದೆ. ಅದನ್ನು ಮೂಲೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ. ಒಂದು ವಾರದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ.

ಮಾತು ತಲುಪುವ ಹಾಗೆ ಹೇಳುವುದು

ಅಡುಗೆಮನೆಯಿಂದ ಕೂಗಿದ ಮಾತು ಮಗುವಿಗೆ ಬರೀ ಸದ್ದು. ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಹೆಸರು ಹಿಡಿದು ಕರೆದು, ಅದು ನಿಮ್ಮ ಕಡೆ ನೋಡಿದ ಮೇಲೆ ಒಂದೇ ಒಂದು ಮಾತು ಹೇಳಿ. ಹೇಳಿದ ಮೇಲೆ ಐದರಿಂದ ಹತ್ತು ಸೆಕೆಂಡು ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲರಿಗೂ ಕಷ್ಟ. ಸಣ್ಣ ಮಗುವಿಗೆ ಮಾತು ಕೇಳಿ, ಅರ್ಥ ಮಾಡಿಕೊಂಡು, ಮಾಡುತ್ತಿದ್ದ ಕೆಲಸ ಬಿಡಲು ಅಷ್ಟು ಹೊತ್ತು ಬೇಕೇ ಬೇಕು. ನಡುವೆಯೇ ಇನ್ನೊಂದು ಸಲ, ಮತ್ತೊಂದು ಸಲ ಹೇಳಿದರೆ ಪ್ರತಿ ಸಲವೂ ಅದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಜೊತೆಗೆ, ನಾಲ್ಕನೆಯ ಕೂಗಿಗೆ ಎದ್ದರೆ ಸಾಕು ಎಂಬ ರೂಢಿಯೂ ಬೀಳುತ್ತದೆ.

‘ಓಡಬ್ಯಾಡ’ ಅಂದಾಗ ಮಗುವಿನ ಕಿವಿಗೆ ಬಲವಾಗಿ ಬೀಳುವುದು ‘ಓಡ’. ಬದಲಿಗೆ ಮಾಡಬೇಕಾದ್ದನ್ನೇ ಹೇಳಿ: “ಒಳಗ ಮೆಲ್ಲಕ ನಡಿ.” ‘ಚೀರಬ್ಯಾಡ’ಕ್ಕೆ “ಸಣ್ಣ ದನೀಲೆ ಹೇಳು.” ‘ಅವನ್ನ ಮುಟ್ಟಬ್ಯಾಡ’ಕ್ಕೆ “ಕೈ ನಿನ್ನ ತೊಡಿ ಮ್ಯಾಲೆ ಇಟ್ಕೋ.” ಬೆಂಕಿ, ಬಾವಿ, ರಸ್ತೆಯ ಹತ್ತಿರ ಮಾತ್ರ ‘ಬ್ಯಾಡ, ನಿಲ್ಲು’ ಎಂದು ಗಟ್ಟಿಯಾಗಿ ಕೂಗಲೇಬೇಕು. ದಿನವಿಡೀ ಕೂಗದವರ ಆ ಒಂದು ಕೂಗಿಗೆ ಬೆಲೆ ಇರುತ್ತದೆ.

ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳಬೇಡಿ. ‘ಕೈ ತೊಕ್ಕೊಂತೀಯಾ?’ ಅಂದರೆ ‘ಒಲ್ಲೆ’ ಎಂಬುದೂ ನ್ಯಾಯವಾದ ಉತ್ತರವೇ. “ಈಗ ಕೈ ತೊಳಿಯೋ ಹೊತ್ತು. ಬಕೇಟಿನ್ಯಾಗ ತೊಕ್ಕೊಂತಿಯೋ, ನಳದಾಗೋ?” ಅನ್ನಿ. ಎರಡೇ ಆಯ್ಕೆ, ಎರಡೂ ನಮಗೆ ಒಪ್ಪಿಗೆಯಾಗುವಂಥವು. ಆಟ ನಿಲ್ಲಿಸುವಾಗ ‘ಇನ್ನ ಐದು ನಿಮಿಷ’ ಎಂಬ ಎಚ್ಚರಿಕೆಯಿಂದ ಉಪಯೋಗವಿಲ್ಲ. ನಾಲ್ಕು ವರ್ಷದ ಮಗುವಿಗೆ ಐದು ನಿಮಿಷ ಅಂದರೆ ಎಷ್ಟು ಎಂದು ಗೊತ್ತಿಲ್ಲ. ಎಣಿಸಬಹುದಾದದ್ದನ್ನು ಹೇಳಿ. ಪಂಚಮಿ ಜೋಕಾಲಿಯಾದರೆ “ಇನ್ನ ಹತ್ತು ಸಲ ಜೀಕು, ಆಮ್ಯಾಲೆ ಇಳಿಯೂಣು” ಎಂದು ಹೇಳಿ, ಗಟ್ಟಿಯಾಗಿ ಹತ್ತು ಎಣಿಸಿ, ಹತ್ತಕ್ಕೇ ನಿಲ್ಲಿಸಿ. ಹತ್ತು ಹೇಳಿ ಹದಿನಾಲ್ಕು ಜೀಕಿಸಿದರೆ ಮುಂದಿನ ಸಲ ಹತ್ತಕ್ಕೆ ಮರ್ಯಾದೆ ಉಳಿಯುವುದಿಲ್ಲ.

ಜಗಳದ ಹೊತ್ತಿನಲ್ಲಿ

ಮತ್ತೆ ಆ ಸೈಕಲ್ಲಿನ ಹತ್ತಿರ ಬರೋಣ. ಈ ಸಲ ದೊಡ್ಡವರು ಒಳಗಿನಿಂದ ಕೂಗುವುದಿಲ್ಲ. ನಡೆದು ಬರುತ್ತಾರೆ, ಓಡುವುದಿಲ್ಲ. ಓಡಿ ಬಂದರೆ ಮಕ್ಕಳ ಗಾಬರಿ ಹೆಚ್ಚುತ್ತದೆ. ಇಬ್ಬರ ನಡುವೆ ಕೂತು, ಎತ್ತಿದ ಕೈಯನ್ನು ಮೆಲ್ಲಗೆ ಆದರೆ ಬಿಗಿಯಾಗಿ ಹಿಡಿದು ಅನ್ನುತ್ತಾರೆ: “ಹೊಡಿಯಾಕ ನಾ ಬಿಡಂಗಿಲ್ಲ.” ಇಷ್ಟು ಸಾಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸಡಿಲವಾಗುತ್ತದೆ. ಪ್ರೀತಿಯಿಂದ ತಿದ್ದುವುದು ಅಂದರೆ ಮಗು ಏನು ಮಾಡಿದರೂ ಬಿಡುವುದು ಎಂದು ತಿಳಿದವರು ಎಡವುವುದು ಇಲ್ಲೇ. ಗೆರೆ ಗೆರೆಯೇ, ಅದನ್ನು ಹೇಳುವ ದನಿ ಮಾತ್ರ ಬಿಸಿಯಾಗಬೇಕಿಲ್ಲ.

ಆಮೇಲೆ ಸೈಕಲ್ಲನ್ನು ತಾವೇ ಹಿಡಿದುಕೊಳ್ಳುತ್ತಾರೆ. “ಇದನ್ನ ನಾ ಹಿಡಕೊಂಡಿರ್ತೀನಿ, ನಾವು ಮಾತಾಡೂತನ.” ಸಾಮಾನು ಯಾರ ಕೈಯಲ್ಲೂ ಇಲ್ಲದಿದ್ದರೆ ಜಗ್ಗಾಟ ನಿಲ್ಲುತ್ತದೆ. ಮೊದಲು ನೋವಾದವನ ಕಡೆ ನೋಡುತ್ತಾರೆ, ಬೆನ್ನು ಸವರುತ್ತಾರೆ. ಇಬ್ಬರ ಭಾವನೆಗೂ ಹೆಸರು ಕೊಡುತ್ತಾರೆ: “ನಿನಗ ಸೈಕಲ್ ಬೇಕಾಗಿತ್ತು, ಸಿಗಲಿಲ್ಲ, ಬ್ಯಾಸರಾತು. ನಿನಗ ಕೂತಾಗ ಜಗ್ಗಿದ್ದಕ್ಕ ಸಿಟ್ಟು ಬಂತು.” ಅಳು ಇಳಿಯುವ ತನಕ ಮುಂದಿನ ಮಾತಿಲ್ಲ. ಅಳುವ ಮಗುವಿಗೆ ಬುದ್ಧಿ ಹೇಳುವುದು ತುಂಬಿದ ಕೊಡಕ್ಕೆ ನೀರು ಸುರಿದಂತೆ, ಎಲ್ಲ ಹೊರಗೇ ಹೋಗುತ್ತದೆ.

“ಏನಾತು?” ಎಂದು ಕೇಳುತ್ತಾರೆ, ‘ಯಾಕ ಹೊಡದಿ?’ ಎಂದಲ್ಲ. ‘ಯಾಕ’ ಅನ್ನುವ ಪ್ರಶ್ನೆಗೆ ಮಗುವಿಗೂ ಉತ್ತರ ಗೊತ್ತಿರುವುದಿಲ್ಲ. ಸುಳ್ಳು ಹೇಳುತ್ತದೆ ಇಲ್ಲವೇ ತಲೆ ತಗ್ಗಿಸುತ್ತದೆ. ‘ಏನಾತು’ ಅಂದರೆ “ಅಂವ ಜಗ್ಗಿದ” ಎಂದು ಹೇಳುತ್ತದೆ. ಇಬ್ಬರೂ ಹೇಳಿದ ಮೇಲೆ ಸಮಸ್ಯೆಯನ್ನು ಒಂದು ವಾಕ್ಯಕ್ಕೆ ಇಳಿಸುತ್ತಾರೆ: “ಸೈಕಲ್ ಒಂದೈತಿ, ಬೇಕಾದವರು ಇಬ್ರು ಅದೀರಿ. ಏನು ಮಾಡೂಣು?” ನಾಲ್ಕು ದಾಟಿದವರು ಏನಾದರೂ ಹೇಳುತ್ತಾರೆ. ‘ನಾ ಒಂದು ಸುತ್ತು, ಅಂವ ಒಂದು ಸುತ್ತು’, ‘ಅಂವ ಹಿಂದ ನೂಕಲಿ’. ಹಿಂದಿನಿಂದ ನೂಕುವ ಉಪಾಯ ನಮಗೆ ತೋಚುವುದಿಲ್ಲ, ಮಕ್ಕಳಿಗೆ ಹಲವು ಸಲ ತೋಚುತ್ತದೆ. ಇಬ್ಬರೂ ಒಪ್ಪಿದರೆ ಅದೇ ತೀರ್ಪು, ನಮ್ಮ ಲೆಕ್ಕದಲ್ಲಿ ಸಮಪಾಲಾಗದಿದ್ದರೂ ಸರಿ. ಮೂರು ವರ್ಷದವರಿಗೆ ಉಪಾಯ ಹೊಳೆಯದಿದ್ದರೆ ಎರಡನ್ನು ನಾವೇ ಮುಂದಿಡಬೇಕು.

ಪಾಳಿಯ ಬಗ್ಗೆ ಒಂದು ಮಾತು. ಗಡಿಯಾರ ನೋಡಿ ಎರಡೆರಡು ನಿಮಿಷಕ್ಕೆ ಕಸಿದು ಕೊಡುವುದಕ್ಕಿಂತ, ಕೂತವನಿಗೆ “ನಿಂದು ಮುಗಿದ ಮ್ಯಾಲೆ ಅವಂಗ ಕರಿ” ಅನ್ನುವುದು ನಮ್ಮ ಪ್ರಕಾರ ಮೇಲು. ತನ್ನ ಕೈಯಿಂದ ಯಾರೂ ಕಸಿಯುವುದಿಲ್ಲ ಎಂದು ಖಾತ್ರಿಯಾದ ಮಗು ಬೇಗ ಬಿಟ್ಟುಕೊಡುತ್ತದೆ. ಕಸಿಯುತ್ತಾರೆ ಎಂಬ ಭಯವಿದ್ದದ್ದು ಗಟ್ಟಿಯಾಗಿ ಹಿಡಿಯುತ್ತದೆ. ತಾನೇ ಕರೆದು ಕೊಟ್ಟಾಗ ಎದುರಿನವನ ಮುಖ ಅರಳುವುದನ್ನು ಅದು ಕಣ್ಣಾರೆ ನೋಡುತ್ತದಲ್ಲ, ಹಂಚಿಕೊಳ್ಳುವ ಆಸೆ ಹುಟ್ಟುವುದೇ ಅಲ್ಲಿಂದ. ಕಾಯುವವನನ್ನು ಮಾತ್ರ ಬರಿಗೈಯಲ್ಲಿ ನಿಲ್ಲಿಸಬಾರದು. “ಅಲ್ಲೀತನ ಇಲ್ಲಿ ನೀರು ಹಾಕೂಣು ಬಾ” ಎಂದು ಜೊತೆಗೆ ಕರೆದುಕೊಳ್ಳಬೇಕು. ಇಪ್ಪತ್ತು ಮಕ್ಕಳು ಕಾಯುತ್ತಿದ್ದರೆ ಈ ಕ್ರಮ ನಡೆಯುವುದಿಲ್ಲ. ಆಗ ‘ಬೇವಿನ ಗಿಡ ಸುತ್ತಿ ಮೂರು ಸುತ್ತು’ ಎಂಬ ಲೆಕ್ಕವೇ ಸರಿ.

‘ಸಾರಿ’ಯನ್ನು ಬಲವಂತದಿಂದ ಹೇಳಿಸಬೇಡಿ. ಬದಲಿಗೆ ಮಾಡಿದ್ದನ್ನು ಸರಿಪಡಿಸುವ ಕೆಲಸ ಕೊಡಿ. ಹೊಡೆದವನು ಒದ್ದೆ ಬಟ್ಟೆ ತಂದು ಕೊಡಲಿ, ಕುಡಿಯಲು ನೀರು ತರಲಿ. ಗೋಪುರ ಕೆಡವಿದವಳು ಮತ್ತೆ ಕಟ್ಟಲು ಡಬ್ಬಿ ಆರಿಸಿಕೊಡಲಿ. ದೊಡ್ಡವರು ತಮ್ಮ ತಪ್ಪಿಗೆ ಮಕ್ಕಳ ಎದುರು ‘ತಪ್ಪಾತು’ ಅನ್ನುವುದನ್ನು ನೋಡಿದ ಮಗುವಿನ ಬಾಯಲ್ಲಿ ಆ ಮಾತು ತಾನಾಗಿ ಬರುತ್ತದೆ.

ಈ ಪೂರಾ ಮಾತುಕತೆಗೆ ಮೊದಲ ವಾರ ಐದಾರು ನಿಮಿಷ ಹಿಡಿಯುತ್ತದೆ, ಕೆಲಸದ ನಡುವೆ ಅದು ಭಾರವೇ. ಹೀಗೇ ಬಿಡದೆ ನಡೆಸಿದರೆ ಐದು ವರ್ಷದವರು ಮುಂದೆ ತಾವೇ “ಸೈಕಲ್ ಒಂದೈತಿ, ಏನು ಮಾಡೂಣು” ಎಂದು ಸಣ್ಣವರ ಜಗಳ ಬಿಡಿಸತೊಡಗುತ್ತಾರೆ.

ಜಾತ್ರೆಯಲ್ಲಿ ಹಟ

ಜನವರಿ ಸುಮಾರಿಗೆ ಬರುವ ಕೊಪ್ಪಳದ ಗವಿಮಠದ ಜಾತ್ರೆ. ತೇರಿನ ದಿನ, ಸಾಗರದಂಥ ಜನ. ಆಟಿಗೆ ಸಾಮಾನಿನ ಅಂಗಡಿಯ ಮುಂದೆ ಮಗು ನೆಲಕ್ಕೆ ಬಿದ್ದು ಹೊರಳುತ್ತದೆ. ಅವ್ವ ‘ಇಲ್ಲ’ ಅನ್ನುತ್ತಾಳೆ, ಮೂರು ಸಲ. ಜನ ತಿರುಗಿ ನೋಡುತ್ತಾರೆ. ಕೊನೆಗೆ ಅಪ್ಪ ಪೀಪಿ ಕೊಡಿಸುತ್ತಾನೆ. ಆ ಕ್ಷಣ ಮಗು ಕಲಿತದ್ದು: ಮೂರು ‘ಇಲ್ಲ’ ದಾಟುವಷ್ಟು ಜೋರಾಗಿ ಹೊರಳಬೇಕು. ಪ್ರತಿ ಸಲ ಕೊಡಿಸಿದ ಮಗುವಿನ ಹಟಕ್ಕಿಂತ ಒಮ್ಮೊಮ್ಮೆ ಕೊಡಿಸಿದ ಮಗುವಿನ ಹಟ ಬಿಡಿಸುವುದು ಕಷ್ಟ. ಒಮ್ಮೊಮ್ಮೆ ಸಿಗುವ ಫಲ ಅಭ್ಯಾಸವನ್ನು ಇನ್ನಷ್ಟು ಬೇರೂರಿಸುತ್ತದೆ ಎಂಬುದು ವರ್ತನೆಯ ವಿಜ್ಞಾನದಲ್ಲಿ ಬಹಳ ಹಿಂದೆಯೇ ಖಚಿತವಾದ ಸಂಗತಿ. ಹಾಗಾಗಿ ಕೊಡಿಸುವ ಮನಸ್ಸಿದ್ದರೆ ಮೊದಲನೆಯ ಕೇಳಿಕೆಗೇ ಕೊಡಿಸಿ, ಇಲ್ಲದಿದ್ದರೆ ಕೊನೆಯ ತನಕ ಇಲ್ಲ. ಇನ್ನೂ ಒಳ್ಳೆಯದು, ಮನೆ ಬಿಡುವ ಮುಂಚೆಯೇ ಒಪ್ಪಂದ: “ಜಾತ್ರ್ಯಾಗ ಒಂದು ಆಟಿಗೆ ಸಾಮಾನು, ನೀನ ಆರಿಸು.”

ಹಟಕ್ಕೆ ಸೊಪ್ಪು ಹಾಕದೆ ಇರಲು ಶುರು ಮಾಡಿದ ಮೊದಲ ಕೆಲವು ದಿನ ಅದು ಕಡಿಮೆಯಾಗುವುದಿಲ್ಲ, ಏರುತ್ತದೆ. ಹಳೆಯ ಉಪಾಯ ಫಲ ಕೊಡದಿದ್ದಾಗ ಮಗು ಅದನ್ನೇ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ‘ಇದು ನಮ್ಮ ಹುಡುಗಗ ನಡಿಯಂಗಿಲ್ರಿ’ ಎಂದು ಹೆಚ್ಚಿನ ಮನೆಯವರು ಕೈಬಿಡುವುದು ಆ ಏರಿಕೆಯ ದಿನಗಳಲ್ಲೇ. ಕೈಬಿಟ್ಟರೆ ಮೊದಲಿಗಿಂತ ಜೋರಾದ ಹಟಕ್ಕೆ ಫಲ ಕೊಟ್ಟಂತಾಗುತ್ತದೆ.

ಹೊರಳುವ ಹೊತ್ತಿಗೆ ಮಾಡಬೇಕಾದ್ದು ಕಡಿಮೆ. ಜನರ ಕಾಲಡಿಯಿಂದ ಎತ್ತಿ ಬದಿಗೆ ಒಯ್ಯಿರಿ, ಪಕ್ಕದಲ್ಲೇ ಕೂತಿರಿ, ಒಂದೇ ವಾಕ್ಯ ಹೇಳಿ: “ಪೀಪಿ ಸಿಗಲಿಲ್ಲ ಅಂತ ಸಿಟ್ಟು ಬಂದೈತಿ. ನಾ ಇಲ್ಲೇ ಅದೀನಿ.” ಬುದ್ಧಿಮಾತು, ಬೆದರಿಕೆ, ಲಂಚ, ಮೊಬೈಲು ಯಾವುದೂ ಬೇಡ. ಇಳಿದ ಮೇಲೆ ನೀರು ಕುಡಿಸಿ, ಮುಂದಿನ ಆಟಕ್ಕೆ ನಡೆಯಿರಿ. ಮತ್ತೆ ಆ ಮಾತು ಎತ್ತಿ ಹೀಯಾಳಿಸಬೇಡಿ.

ಶಾಬಾಸ್, ಚಾಕಲೇಟು

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿ ಬರೆಸಿದರು. ಮುಂದೆ ಬಿಡುವಿನ ಆಟದ ವೇಳೆ ನೋಡಿದರೆ, ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದವು. ಹೇಳದೆ ಅಚಾನಕ್ಕಾಗಿ ಬಹುಮಾನ ಕೊಟ್ಟವರಲ್ಲಿ ಈ ಇಳಿತ ಕಾಣಲಿಲ್ಲ. ‘ಗೆಳೆಯಗ ಕೊಟ್ಟರ ಚಾಕಲೇಟ್ ಕೊಡ್ತೀನಿ’ ಎಂಬ ಮಾತಿನ ಹಿಂದಿನ ಅಪಾಯ ಇದು. ಕೊಡುವುದರ ಖುಷಿಯ ಜಾಗದಲ್ಲಿ ಚಾಕಲೇಟು ಬಂದು ಕೂರುತ್ತದೆ. ಚಾಕಲೇಟು ನಿಂತ ದಿನ ಕೊಡುವುದೂ ನಿಲ್ಲುತ್ತದೆ.

ಬೇಕಾದ್ದು ಕಂಡದ್ದನ್ನು ಕಂಡ ಹಾಗೆ ಹೇಳುವುದು. ‘ಶ್ಯಾಣ್ಯಾ ಹುಡುಗ’ ಅನ್ನುವುದರಲ್ಲಿ ಮಗುವಿಗೆ ಮತ್ತೆ ಮಾಡಲು ಏನೂ ಸಿಗುವುದಿಲ್ಲ. “ನೀ ಸಿಟ್ಟು ಬಂದ್ರೂ ಬಾಯಿಲೆ ಹೇಳಿದಿ, ಹೊಡೀಲಿಲ್ಲ” ಅಂದರೆ ಏನು ಸರಿ ಹೋಯಿತು ಎಂದು ತಿಳಿಯುತ್ತದೆ, ನಾಳೆ ಮತ್ತೆ ಮಾಡಬಹುದು. ಹೊಡೆಯುವ ಹುಡುಗ ದಿನದಲ್ಲಿ ಹತ್ತು ಸಲ ಹೊಡೆಯದೆಯೂ ಇರುತ್ತಾನೆ. ಆ ಹತ್ತರಲ್ಲಿ ಮೂರನ್ನಾದರೂ ಹಿಡಿದು ಹೇಳುವುದು ದೊಡ್ಡವರ ಕಣ್ಣಿನ ಕೆಲಸ.

ಮನೆಯ ಕೆಲವು ರೂಢಿಗಳು

ಮಗು ಎಡವಿ ಬಿದ್ದಾಗ ಅಜ್ಜಿ ನೆಲಕ್ಕೆ ಬಡಿಯುತ್ತಾಳೆ: “ನೋಡು, ನೆಲಕ್ಕ ಹೊಡದೆ, ಅಳಬ್ಯಾಡ.” ಇದರಲ್ಲಿ ಇರುವುದು ಮಮತೆಯೇ. ಆದರೆ ಎರಡು ವರ್ಷದ ಮಗುವಿಗೆ ಇದು ಒಂದು ಸೂತ್ರವಾಗಿ ಕೂರುತ್ತದೆ: ನನಗೆ ನೋವಾದರೆ ಯಾರಿಗಾದರೂ ಹೊಡೆಯಬೇಕು, ಆಗ ಸಮಾಧಾನ. ಮೊಣಕಾಲು ಸವರಿ “ಬಿದ್ದಿ, ನೋವಾತು” ಅನ್ನಿ, ಅಷ್ಟೇ ಸಾಕಾಗುತ್ತದೆ. ‘ಗಲಾಟೆ ಮಾಡಿದ್ರ ಸೂಜಿ ಮಾಡಸ್ತೀನಿ’ ಎಂದು ಹೆದರಿಸಿದವರು ಲಸಿಕೆಯ ದಿನ ಅದೇ ಮಗುವನ್ನು ಹಿಡಿಯಲು ನಾಲ್ಕು ಜನ ಬೇಕೆಂದು ದೂರುತ್ತಾರೆ. ಪೊಲೀಸರ ಹೆಸರು ಹೇಳಿ ಹೆದರಿಸುವುದೂ ಹಾಗೇ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಸಹಾಯ ಕೇಳಬೇಕಾದದ್ದು ಅವರ ಹತ್ತಿರವೇ ಅಲ್ಲವೇ?

‘ಹೊಡಿಸಿಕೊಂಡು ಬರಬ್ಯಾಡ, ತಿರುಗಿ ಹೊಡಿ’ ಎಂಬುದು ಬಹಳ ಮನೆಗಳ ಮಾತು, ಮಗು ಸೋಲಬಾರದು ಎಂಬ ಕಾಳಜಿಯದು. ಮಗುವಿಗೆ ತನ್ನನ್ನು ಕಾಪಾಡಿಕೊಳ್ಳಲು ಬರಲೇಬೇಕು. ಅದಕ್ಕೆ ಕಲಿಸಬೇಕಾದ್ದು ಮೂರು: ಅಂಗೈ ಮುಂದೆ ಹಿಡಿದು ಗಟ್ಟಿಯಾಗಿ “ನಿಲ್ಲು, ನನಗ ಬ್ಯಾಡ” ಅನ್ನುವುದು, ಅಲ್ಲಿಂದ ಸರಿಯುವುದು, ದೊಡ್ಡವರನ್ನು ಕರೆಯುವುದು. ಮನೆಯಲ್ಲಿ ಆಟದಂತೆ ಇದನ್ನು ದಿನಕ್ಕೆರಡು ಸಲ ಆಡಿಸಿ. ದನಿ ಗಟ್ಟಿಯಾಗುವ ತನಕ.

ಹೊಡೆದು ‘ಹೊಡಿಬ್ಯಾಡ’ ಎಂದು ಕಲಿಸಲು ಆಗುವುದಿಲ್ಲ ಎಂಬುದಕ್ಕೆ 1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇಂದಿಗೂ ಮುಂದಿದೆ. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವುದನ್ನು ನೋಡಿದ ಶಿಶುವಿಹಾರದ ಮಕ್ಕಳು ತಾವೂ ಹಾಗೆಯೇ, ಅದೇ ಮಾತುಗಳನ್ನಾಡುತ್ತ ಬಡಿದವು. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಕಾಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಆರು ವರ್ಷದವರಿಗೆ ಸಲ್ಲದ್ದು ಮೂರು ವರ್ಷದವರಿಗೆ ಸಲ್ಲುವುದು ಹೇಗೆ?

ಈ ಭಾಗದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅಪ್ಪ ಅವ್ವ ಗುಳೆ ಹೋದ ಮೇಲೆ ಅಜ್ಜ ಅಜ್ಜಿಯ ಬಳಿ ಉಳಿದ ಮಗು ಕೆಲವು ವಾರ ಮೊದಲಿಗಿಂತ ಹೆಚ್ಚು ಕಚ್ಚುತ್ತದೆ, ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತದೆ, ಟೀಚರ ಸೆರಗು ಬಿಡುವುದಿಲ್ಲ. ಇದು ಅಶಿಸ್ತಲ್ಲ, ಅಗಲಿಕೆಯ ನೋವು. ದಿನವೂ ಒಂದೇ ವೇಳೆಗೆ ಫೋನು, ಹೋಗುವಾಗ ಕಣ್ಣು ತಪ್ಪಿಸದೆ ಹೇಳಿ ಹೋಗುವುದು, ಅವ್ವನ ಹಳೆಯ ಸೀರೆಯ ತುಂಡು ಹಾಸಿಗೆಯಲ್ಲಿ: ಇವು ಬೈಗುಳಕ್ಕಿಂತ ಬೇಗ ಕೆಲಸ ಮಾಡುತ್ತವೆ. ಅಜ್ಜಿಗೂ ಅಂಗನವಾಡಿ ಟೀಚರಿಗೂ ಎರಡೇ ನಿಯಮಗಳ ಒಪ್ಪಂದವಾಗಲಿ. ಹತ್ತು ನಿಯಮ ಮಾಡಿ ಒಂದೂ ನಡೆಸದೆ ಇರುವುದಕ್ಕಿಂತ ‘ಹೊಡೆಯಂಗಿಲ್ಲ, ಕಸಿಯಂಗಿಲ್ಲ’ ಎಂಬ ಎರಡು ಎರಡೂ ಕಡೆ ನಡೆದರೆ ಸಾಕು.

ಕಚ್ಚುವುದು ಒಂದರಿಂದ ಮೂರು ವರ್ಷದೊಳಗೆ ಸಾಮಾನ್ಯ. ಹಲ್ಲು ಬರುವ ಕಡಿತ, ಮಾತು ಬಾರದ ಸಿಟ್ಟು, ಜನಜಂಗುಳಿ ಇವೇ ಕಾರಣ. ಕಚ್ಚಿದ ಜಾಗ ಸೋಪುನೀರಿನಿಂದ ತೊಳೆಯಿರಿ. ಕಚ್ಚಿದ ಮಗುವಿಗೆ “ಕಡಿಯಂಗಿಲ್ಲ, ನೋವಾಗತೈತಿ” ಎಂದಷ್ಟೇ ಹೇಳಿ. ‘ಅದಕ್ಕೂ ಗೊತ್ತಾಗಲಿ’ ಎಂದು ತಿರುಗಿ ಕಚ್ಚುವ ಪದ್ಧತಿ ದಯವಿಟ್ಟು ಬೇಡವೇ ಬೇಡ.

ಐದು ದಿನದ ಚೀಟಿ

ಒಂದೇ ಮಗು ಮತ್ತೆ ಮತ್ತೆ ಹೊಡೆಯುತ್ತಿದ್ದರೆ ಐದು ದಿನ ಒಂದು ಚೀಟಿ ಬರೆಯಿರಿ. ಮೂರು ಅಂಕಣ ಸಾಕು: ಹೊಡೆಯುವುದಕ್ಕೆ ಮುಂಚೆ ಏನಿತ್ತು, ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಜೊತೆಗೆ ವೇಳೆ. ‘ಬೆ. 11.40, ಕೈ ತೊಳೆಯುವ ಸಾಲು, ಮುಂದಿನವಳನ್ನು ನೂಕಿದ, ಟೀಚರ್ ಎತ್ತಿಕೊಂಡು ಮುಂದೆ ನಿಲ್ಲಿಸಿದರು’ ಎಂಬ ಸಾಲು ನಾಲ್ಕು ದಿನ ಬಂದರೆ ಉತ್ತರ ಅಲ್ಲೇ ಇದೆ. ನೂಕಿದರೆ ಮುಂದಿನ ಜಾಗ ಸಿಗುತ್ತಿದೆ. ನಾಳೆ ಅವನನ್ನು ಮೊದಲನೆಯ ಐದರಲ್ಲೇ ಕಳಿಸಿ, ಸೋಪು ಹಂಚುವ ಕೆಲಸ ಕೊಡಿ.

ಚೀಟಿ ಇನ್ನೊಂದನ್ನೂ ತೋರಿಸಬಹುದು. ಹಿಂದಿನಿಂದ ಕರೆದಾಗಲೆಲ್ಲ ತಿರುಗುತ್ತಿಲ್ಲ ಎಂದಾದರೆ ಕಿವಿ ಪರೀಕ್ಷೆ ಮಾಡಿಸಬೇಕು. ಸರಿಯಾಗಿ ಕೇಳಿಸದ ಮಗು ಮಾತಿನ ಬದಲು ಕೈ ಬಳಸುತ್ತದೆ. ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ ಏನನ್ನೂ ಕೇಳದಿರುವುದು, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿರುವುದು, ಬಂದ ಮಾತು ಹಿಂದೆ ಹೋಗುವುದು, ಇವುಗಳಿಗೆ ‘ಮುಂದ ಬರತೈತಿ’ ಎಂದು ಕಾಯಬಾರದು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಬೇಕು. ಮಗು ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಕಂಡರೆ ನಡುಗುತ್ತಿದ್ದರೆ, ಮೈಮೇಲೆ ಕಾರಣ ಹೇಳಲಾಗದ ಗಾಯಗಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅದು ಉಚಿತ.

ತಂಡ ಬಂದ ದಿನ ಗದ್ದಲ ಇರುತ್ತದೆ, ಪ್ರತಿ ಮಗುವಿಗೆ ಸಿಗುವ ಹೊತ್ತು ಕಡಿಮೆ. ‘ಬಾಳ ಹೊಡೀತಾನ್ರಿ’ ಎಂದು ಬಾಯಲ್ಲಿ ಹೇಳುವ ಬದಲು, ಐದು ದಿನದ ಆ ಚೀಟಿಯನ್ನು ಅವರ ಕೈಗೆ ಕೊಡಿ.